ಬಿಡಿಭಾಗಗಳ ಹೊಂದಾಣಿಕೆಯೇ ಗಣಕಯಂತ್ರದ ಜೀವಾಳ

ಬಿಡಿಭಾಗಗಳನ್ನು ಕೊಂಡು ತಂದು ಮನೆಯಲ್ಲಿಯೇ ಗಣಕಯಂತ್ರವನ್ನು ಜೋಡಿಸುವ ಹವ್ಯಾಸ ಇಂದು ನಿನ್ನೆಯದಲ್ಲ. 1975ರ ಜನವರಿಯಲ್ಲಿ ಅಮೆರಿಕದ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯ ಮುಖಪುಟದಲ್ಲಿ ಕಾಣಿಸಿಕೊಂಡ ‘ಆಲ್ಟೇರ್ 8800’ ಬಿಡಿಭಾಗಗಳ ಕಟ್ಟಿನ ರೂಪದಲ್ಲಿಯೇ ಅನೇಕರ ಮನೆ ಸೇರಿತು. ಅದನ್ನು ಕೊಂಡವರು ತಾವೇ ಬೆಸುಗೆ ಹಾಕಿ ಪೂರ್ಣಗೊಳಿಸಬೇಕಾಗಿತ್ತು. ಇಂದು ಆ ಕಷ್ಟವಿಲ್ಲ. ಒಂದು ಸ್ಕ್ರೂಡ್ರೈವರ್ ಇದ್ದರೆ ಬಹುಮಟ್ಟಿಗೆ ಸಾಕು. ಆದರೆ ಕೈಯ ಶ್ರಮ ಕಡಿಮೆಯಾದಂತೆ ಆಯ್ಕೆಯ ಹೊಣೆ ಹೆಚ್ಚಿದೆ.

ಮೊದಲ ಬಾರಿಗೆ ಈ ಕಾರ್ಯಕ್ಕೆ ಕೈಹಾಕುವ ವಿದ್ಯಾರ್ಥಿ ಎಡವುವುದು ಇಲ್ಲಿಯೇ. ಪ್ರತಿಯೊಂದು ಭಾಗವೂ ಶ್ರೇಷ್ಠವಾಗಿದ್ದರೆ ಇಡೀ ಯಂತ್ರವೂ ಶ್ರೇಷ್ಠವಾಗುವುದೆಂದು ಆತನು ಭಾವಿಸುತ್ತಾನೆ. ವಾಸ್ತವವಾಗಿ, ಒಂದಕ್ಕೊಂದು ಒಪ್ಪದ ದುಬಾರಿ ಭಾಗಗಳಿಗಿಂತ ಪರಸ್ಪರ ಒಪ್ಪುವ ಸಾಧಾರಣ ಭಾಗಗಳೇ ಮೇಲು. ಎತ್ತು ಏರಿಗೆ, ಕೋಣ ನೀರಿಗೆ ಎಳೆದರೆ ಬಂಡಿ ಸಾಗುವುದೆಂತು?

ಪ್ರೊಸೆಸರ್ ಮತ್ತು ಮದರ್‌ಬೋರ್ಡುಗಳ ಸಂಬಂಧವನ್ನೇ ನೋಡಬಹುದು. ಪ್ರೊಸೆಸರ್ ಕುಳಿತುಕೊಳ್ಳುವ ಪೀಠಕ್ಕೆ ಸಾಕೆಟ್ ಎಂದು ಹೆಸರು. ಎಎಂಡಿ ಸಂಸ್ಥೆಯು 2016ರಲ್ಲಿ ಎಎಂ4 ಸಾಕೆಟ್ಟನ್ನೂ 2022ರಲ್ಲಿ ಎಎಂ5 ಸಾಕೆಟ್ಟನ್ನೂ ಹೊರತಂದಿತು. ಒಂದರ ಪ್ರೊಸೆಸರ್ ಇನ್ನೊಂದರಲ್ಲಿ ಕೂರದು. ಸಾಕೆಟ್ ಒಂದೇ ಆದ ಮಾತ್ರಕ್ಕೆ ನಿಶ್ಚಿಂತೆಯೂ ಇಲ್ಲ. ಎಎಂ4ರ ಹಳೆಯ ಬೋರ್ಡು, ಅದರ ಬಯೋಸ್ ತಂತ್ರಾಂಶವನ್ನು ಹೊಸದಾಗಿಸುವವರೆಗೆ, 2020ರಲ್ಲಿ ಬಂದ ರೈಜೆನ್ 5000 ಶ್ರೇಣಿಯ ಪ್ರೊಸೆಸರನ್ನು ಗುರುತಿಸಲಾರದು. ಆದುದರಿಂದ ಬೋರ್ಡಿನ ತಯಾರಕರು ಪ್ರಕಟಿಸುವ ಪ್ರೊಸೆಸರ್ ಪಟ್ಟಿಯನ್ನು ಓದದೆ ಹಣ ಕೊಡುವುದು ವಿವೇಕವಲ್ಲ.

ಮೆಮೊರಿಯ ವಿಷಯವೂ ಇಂಥದೇ. ಡಿಡಿಆರ್4 ಮತ್ತು ಡಿಡಿಆರ್5 ಪಟ್ಟಿಗಳೆರಡರಲ್ಲಿಯೂ 288 ಸಂಪರ್ಕಬಿಂದುಗಳಿವೆ, ನೋಟಕ್ಕೆ ಅಣ್ಣತಮ್ಮಂದಿರಂತಿವೆ. ಆದರೆ ಅಂಚಿನ ಕಚ್ಚು ಇರುವ ಸ್ಥಾನ ಬೇರೆ; ಒಂದರ ಸ್ಥಳದಲ್ಲಿ ಇನ್ನೊಂದು ಸೇರದು. ಎಎಂ5 ಡಿಡಿಆರ್5ನ್ನು ಮಾತ್ರ ಒಪ್ಪುತ್ತದೆ. ಇಂಟೆಲ್ ಸಂಸ್ಥೆಯ ಕೆಲವು ಪ್ರೊಸೆಸರುಗಳ ಹೆಸರಿನ ಕೊನೆಯಲ್ಲಿ ‘ಎಫ್’ ಅಕ್ಷರವಿರುತ್ತದೆ. ಅವುಗಳಲ್ಲಿ ಚಿತ್ರ ಮೂಡಿಸುವ ಅಂಗವು ಕಾರ್ಯನಿರತವಾಗಿರುವುದಿಲ್ಲ. ಈ ಒಂದಕ್ಷರವನ್ನು ಗಮನಿಸದೆ, ಬೇರೆ ಗ್ರಾಫಿಕ್ಸ್ ಕಾರ್ಡನ್ನೂ ಕೊಳ್ಳದೆ ಯಂತ್ರವನ್ನು ಜೋಡಿಸಿದವನ ಮುಂದೆ ಪರದೆ ಕಪ್ಪಾಗಿಯೇ ಉಳಿಯುವುದು. ಕೊನೆಗೆ, ಎಲ್ಲಕ್ಕೂ ಅನ್ನವಿಕ್ಕುವ ಪವರ್ ಸಪ್ಲೈಯಲ್ಲಿ ಉಳಿತಾಯ ಮಾಡಹೊರಟವನು ಉಳಿದೆಲ್ಲ ಭಾಗಗಳನ್ನೂ ಅಪಾಯಕ್ಕೆ ಒಡ್ಡುತ್ತಾನೆ.

ಇಷ್ಟೆಲ್ಲ ತೊಡಕೇಕೆ, ಸಿದ್ಧಯಂತ್ರವನ್ನೇ ಕೊಳ್ಳಬಾರದೇ ಎಂದು ಕೇಳುವವರುಂಟು. ಅವರ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಕೆಲಸ ಸಾಗಿದರೆ ಸಾಕೆನ್ನುವ ಕಚೇರಿಗೆ, ಒಂದೇ ಸಂಸ್ಥೆಯ ವಾರಂಟಿಯುಳ್ಳ ಸಿದ್ಧಯಂತ್ರವೇ ಯೋಗ್ಯ. ಆದರೆ ಕಲಿಯುವವನ ಗುರಿ ಬೇರೆ. ತಾನೇ ಆರಿಸಿ ಜೋಡಿಸಿದವನಿಗೆ ಯಂತ್ರ ಕೆಟ್ಟಾಗ ದೋಷ ಯಾವ ಭಾಗದಲ್ಲಿದೆಯೆಂದು ಹುಡುಕುವ ಧೈರ್ಯ ಬರುತ್ತದೆ. ಒಂದು ಭಾಗ ಹಳತಾದರೆ ಅದನ್ನಷ್ಟೇ ಬದಲಿಸುವ ಜಾಣ್ಮೆ ಬರುತ್ತದೆ. ಪಾಠಶಾಲೆಯಲ್ಲಿ ಈ ಲಾಭ ಯಂತ್ರದ ಬೆಲೆಗಿಂತ ಮಿಗಿಲಾದುದು.

ಹಾಗೆಂದು ಮಕ್ಕಳನ್ನು ನೇರವಾಗಿ ಅಂಗಡಿಗೆ ಕಳುಹಿಸುವುದು ಸಲ್ಲದು. ಬಡ ತಂದೆತಾಯಿಗಳು ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟ ಹಣದಿಂದ ಕೊಂಡ ಭಾಗವೊಂದು ಒಪ್ಪದೆ ಹೋದರೆ, ಪೊಟ್ಟಣ ಬಿಚ್ಚಿದ ಮೇಲೆ ಅದನ್ನು ಹಿಂದಿರುಗಿಸುವುದು ಸುಲಭವಲ್ಲ. ಯಂತ್ರದಿಂದ ಯಾವ ಕೆಲಸವಾಗಬೇಕೆಂಬುದನ್ನು ಮೊದಲು ನಿರ್ಧರಿಸಿ, ಸಾಕೆಟ್, ಮೆಮೊರಿಯ ಬಗೆ, ಬೋರ್ಡಿನ ಅಳತೆ, ಕ್ಯಾಬಿನೆಟ್ಟಿನ ಸ್ಥಳ, ಬೇಕಾಗುವ ವ್ಯಾಟುಗಳು — ಇವನ್ನು ಕಾಗದದ ಮೇಲೆ ತಾಳೆ ನೋಡುವ ಅಭ್ಯಾಸವನ್ನು ಉಪಾಧ್ಯಾಯರು ಮಾಡಿಸಬೇಕು. ಈ ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳು ಆ ಪಟ್ಟಿಯನ್ನು ಪರಿಶೀಲಿಸಿ ತಿದ್ದಬೇಕು. ದಾನಿಗಳು ಕೈಗೆ ಸಿಕ್ಕಿದ ಬಿಡಿಭಾಗವನ್ನು ನೀಡುವ ಬದಲು ಪಟ್ಟಿಯಲ್ಲಿ ಕೊರತೆಯಿರುವುದನ್ನು ಕೇಳಿ ನೀಡಬೇಕು. ಬೋರ್ಡಿಗೆ ಒಪ್ಪದ ಪ್ರೊಸೆಸರ್ ಎಷ್ಟು ಬೆಲೆಯದಾದರೂ ಕಪಾಟಿನ ಅಲಂಕಾರವಷ್ಟೇ. ಕೇಳಿ ಕೊಟ್ಟದ್ದು ಅಲ್ಪವಾದರೂ ಒಂದು ಯಂತ್ರಕ್ಕೆ ಜೀವ ತುಂಬುವುದು. ಅದರ ಮುಂದೆ ಕುಳಿತ ವಿದ್ಯಾರ್ಥಿಗೆ ಅರಿವಿನ ದಾರಿ ತೆರೆಯುವುದು.