ಮೋಹನಕ್ಕೆ ಜಿ7 ಯಾಕೆ?

ಮುಂಬೈ, ಪುಣೆಗಳ ಭಾವಗೀತೆ ಕಾರ್ಯಕ್ರಮಗಳಲ್ಲಿ ಹಾರ್ಮೋನಿಯಂ ಪಕ್ಕ ಕೀಬೋರ್ಡ್ ಇರುವುದು ಈಗ ಸಾಮಾನ್ಯ. ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಒಂದು ಕಾರ್ಡಿನ ಮೇಲೆ. ಸಾಲು ಮುಗಿಯುತ್ತಿದ್ದಂತೆ, ಹಾಡು ಯಾವ ರಾಗದಲ್ಲಿದೆ ಎಂದು ನೋಡದೆ ಅಭ್ಯಾಸಬಲದಿಂದ ಒತ್ತುವ ಡಾಮಿನೆಂಟ್ ಸೆವೆಂತ್.

ಶ್ರುತಿ ಬಿಳಿ 1, ಅಂದರೆ ಸಿ ಎಂದುಕೊಳ್ಳಿ. ಜಿ7 ಎಂದರೆ ಜಿ, ಬಿ, ಡಿ, ಎಫ್; ನಮ್ಮ ಲೆಕ್ಕದಲ್ಲಿ ಪ, ನಿ, ರಿ, ಮ. ಎಡಗೈಯಲ್ಲಿ ಪ ಹಿಡಿದು, ಬಲಗೈಯಲ್ಲಿ ನಿ, ಮ ಎರಡನ್ನೇ ಒತ್ತಿ. ರಿ ಬಿಟ್ಟರೂ ನಷ್ಟವಿಲ್ಲ. ನಿ, ಮಗಳ ನಡುವೆ ಕರಿ-ಬಿಳಿ ಸೇರಿ 6 ಮನೆ ದೂರ, ಸಪ್ತಕದ ಸರಿಯಾಗಿ ಅರ್ಧ. ಇವೆರಡೂ ಒಟ್ಟಿಗೆ ನುಡಿದರೆ ಕಿವಿಗೆ ನೆಮ್ಮದಿಯಿಲ್ಲ. ನಿ ಒಂದು ಮನೆ ಮೇಲೇರಿ ಸ ಸೇರಬೇಕು ಅನ್ನುತ್ತದೆ, ಮ ಒಂದು ಮನೆ ಇಳಿದು ಗ ಸೇರಬೇಕು ಅನ್ನುತ್ತದೆ. ಸೇರಿಸಿ, ಎಡಗೈಯನ್ನೂ ಸಗೆ ತನ್ನಿ. ಊರು ಮುಟ್ಟಿದ ಹಾಗಾಗುತ್ತದೆ. ಪಾಶ್ಚಾತ್ಯ ಸಂಗೀತ ಶತಮಾನಗಳಿಂದ ನೆಚ್ಚಿಕೊಂಡಿರುವುದು ಈ ಸೆಳೆತವನ್ನು. (ಆಫ್ರಿಕನ್ ಅಮೆರಿಕನ್ನರ ಬ್ಲೂಸ್‌ನಲ್ಲಿ ಇದೇ ಜಾತಿಯ ಕಾರ್ಡ್ ಎಲ್ಲಿಗೂ ಹೋಗುವ ಆತುರವಿಲ್ಲದೆ ಷಡ್ಜದ ಮೇಲೇ ಕೂತಿರುತ್ತದೆ. ಅದು ಬೇರೆ ಕಥೆ.)

ಈಗ ಮೋಹನಕ್ಕೆ ಬನ್ನಿ, ಹಿಂದುಸ್ತಾನಿಯವರ ಭೂಪ್. ಸ ರಿ ಗ ಪ ಧ. ಅದು ಬಿಟ್ಟ ಸ್ವರಗಳು ಯಾವುವು? ಮ ಮತ್ತು ನಿ. ಜಿ7ರ ಜೀವ ಇರುವುದೂ ಆ ಎರಡರಲ್ಲೇ! ಗಾಯಕಿ ಇಡೀ ಹಾಡಿನಲ್ಲಿ ಮುಟ್ಟದೆ ಕಾಪಾಡಿಕೊಂಡು ಬಂದದ್ದನ್ನು, ಅದೂ ಸಾಲು ಬಂದು ನಿಲ್ಲುವ ಜಾಗದಲ್ಲಿ, ಸ್ಪೀಕರು ಸಭೆಗೆಲ್ಲ ಸಾರುತ್ತದೆ. ಮೋಹನ ಷಡ್ಜಕ್ಕೆ ಬರುವ ದಾರಿಯೇ ಬೇರೆ. ಗ ರಿ ಸ ಎಂದು ಇಳಿದು ಬರುತ್ತದೆ, ಇಲ್ಲವೇ ಮಂದ್ರದ ಧದಿಂದ ನೇರ ಸಗೆ. ಹಿಂದಿನಿಂದ ಯಾರೂ ತಳ್ಳಬೇಕಿಲ್ಲ.

‘ಸಿನಿಮಾದಲ್ಲಿ ಇದೆಲ್ಲ ನಡೆಯುತ್ತದಲ್ಲ’ ಎನ್ನುವವರಿದ್ದಾರೆ. ನಡೆಯುತ್ತದೆ. ಅಲ್ಲಿ ರಾಗಕ್ಕೆ ಹೊರಗಿನ ಸ್ವರವನ್ನು ಬೇಕೆಂದೇ ತರುವವರು ಎಲ್ಲಿ, ಯಾಕೆ ಎಂದು ಯೋಚಿಸಿ ತರುತ್ತಾರೆ. ಕೈ ತಾನಾಗಿ ಹೋಗಿ ಬೀಳುವುದು ಬೇರೆ.

ಸೆವೆಂತ್ ಕಾರ್ಡೇ ಬೇಡ ಎನ್ನುತ್ತಿಲ್ಲ. ಶಂಕರಾಭರಣದ ನೆಲೆಯ ಹಾಡಿಗೆ ಜಿ7 ಹೊರಗಿನದೇನನ್ನೂ ತರುವುದಿಲ್ಲ, ಧಾರಾಳವಾಗಿ ನುಡಿಸಿ. ಮೋಹನಕ್ಕೆ ಎ ಮೈನರ್ ಸೆವೆಂತ್ ಇದೆ: ಎ, ಸಿ, ಇ, ಜಿ. ಎಂದರೆ ಧ, ಸ, ಗ, ಪ, ನಾಲ್ಕೂ ರಾಗದವೇ. ಸಾಲಿನ ಕೊನೆಯಲ್ಲಿ ಪ, ರಿ ಎರಡನ್ನೇ ಮೆಲ್ಲಗೆ ಹಿಡಿದಿದ್ದು, ಹಾಡುವವರು ಷಡ್ಜ ಮುಟ್ಟಿದ ಮೇಲೆ ಸ, ಪಗಳಿಗೆ ಬನ್ನಿ. ಮುಂದಿನ ರಿಹರ್ಸಲ್‌ನಲ್ಲಿ ಎರಡೂ ಬಗೆಯಲ್ಲಿ ನುಡಿಸಿ ನೋಡಿ, ಯಾವುದರಲ್ಲಿ ನಿಲ್ಲುವುದು ಹಿತವಾಯಿತು ಎಂದು ಹಾಡಿದವರನ್ನೇ ಕೇಳಿ.