ಹತ್ತದೇ ಬಿಟ್ಟ ಬಸ್ಸಿನ ಲೆಕ್ಕ ಯಾರ ಹತ್ತಿರ ಇದೆ?

ಆವರಗೆರೆ ದಾವಣಗೆರೆ ಮಹಾನಗರ ಪಾಲಿಕೆಗೆ ಸೇರಿದೆ. ಆದರೂ ಅಲ್ಲಿನ ಹಿರಿಯರು ಇವತ್ತಿಗೂ ‘ದಾವಣಗೆರೆಗೆ ಹೋಗಿ ಬರ್ತೀನಿ’ ಅಂತಲೇ ಹೇಳುತ್ತಾರೆ.

ಮನೆಗೆಲಸ ಮಾಡುವ ಅಕ್ಕ ಒಬ್ಬರನ್ನು ಅಲ್ಲಿನ ಸ್ಟಾಪಿನಲ್ಲಿ ಮಾತಾಡಿಸಿದೆವು. ಹರಿಹರದಲ್ಲಿ ಒಳ್ಳೆ ಕೆಲಸ ಸಿಕ್ಕಿತ್ತಂತೆ, ಬಿಟ್ಟರಂತೆ. ‘ಟಿಕೆಟ್ ಏನೋ ಫ್ರೀ ಐತಿ ತಮ್ಮಾ. ಸ್ಟ್ಯಾಂಡಿನಾಗ ಇಳಿದು ಇನ್ನೊಂದು ಬಸ್ ಕಾಯಬೇಕು. ರಾತ್ರಿ ತಡ ಆದ್ರ ಆಟೋಕ್ಕ ಅರ್ಧ ಕೂಲಿ ಹೋಗ್ತದ’ ಅಂದರು. ದಾವಣಗೆರೆಯಿಂದ ಹರಿಹರಕ್ಕೆ ಇರುವುದು ಸುಮಾರು 14 ಕಿಲೋಮೀಟರ್ ಅಷ್ಟೇ.

ಈ ಅಕ್ಕನ ಕಷ್ಟ ಯಾವ ದಾಖಲೆಯಲ್ಲಿದೆ? ಮನೆ ಖರ್ಚಿನ ಸರ್ವೆಯವರು ಬಸ್ಸು, ಆಟೋಗೆ ಎಷ್ಟಾಯಿತು ಎಂದು ಕೇಳುತ್ತಾರೆ. ಇವರ ಖರ್ಚು ಸೊನ್ನೆ. ಕಾಗದದ ಮೇಲೆ ತೊಂದರೆಯೇ ಇಲ್ಲ! 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಎಣಿಸುತ್ತಿದ್ದಾರೆ. ಯೋಜನೆ ಒಳ್ಳೆಯದೇ, ನಮ್ಮ ತಕರಾರು ಅದಕ್ಕಲ್ಲ. ಆದರೆ ಅಲ್ಲಿ ಸಿಗುವುದು ಬಸ್ಸು ಹತ್ತಿದವರ ಲೆಕ್ಕ.

2011ರ ಜನಗಣತಿಯಲ್ಲಿ ಕೆಲಸಕ್ಕೆ ಎಷ್ಟು ದೂರ, ಯಾವುದರಲ್ಲಿ ಹೋಗುತ್ತೀರಿ ಎಂದು ಕೇಳಿದ್ದರು. ಆ ಪ್ರಶ್ನೆ ರೈತರಿಗೆ, ಕೃಷಿ ಕೂಲಿಯವರಿಗೆ, ಮನೆ ಕೈಗಾರಿಕೆಯವರಿಗೆ ಇರಲಿಲ್ಲ. ಊರಂಚಿನಲ್ಲಿದ್ದು ಕಳೆ ಕೀಳಲು ಹೋಗುವ ಹೆಂಗಸರು ಅಲ್ಲೇ ಬಿಟ್ಟುಹೋದರು. ಮನೆಯಲ್ಲಿ ಬೈಕ್ ಇದೆಯಾ ಎಂದೂ ಬರೆದುಕೊಂಡರು. ಬೆಳಿಗ್ಗೆ ಆ ಬೈಕ್ ಹತ್ತಿ ಹೋಗುವವನು ಗಂಡನೋ ಮಗನೋ. ಹೆಂಡತಿಗೆ, ಅತ್ತೆಗೆ ಅದು ಇದ್ದರೂ ಇಲ್ಲದ ಹಾಗೆ.

ಅದಕ್ಕೇ ಮನೆಗೊಂದು ಉತ್ತರ ಸಾಲದು, ಆಳಿಗೊಂದು ಉತ್ತರ ಬೇಕು. ಸ್ಟಾಪ್ ಎಷ್ಟು ಮೀಟರ್ ದೂರ ಎಂದು ಟೇಪು ಹಿಡಿದರೆ ಏನೂ ತಿಳಿಯುವುದಿಲ್ಲ. ಎಷ್ಟು ಹೊತ್ತು ಕಾಯುತ್ತೀರಿ, ವಾಪಸ್ ಬರಲು ಕೊನೆ ಬಸ್ ಎಷ್ಟಕ್ಕೆ, ಕೂಸನ್ನು ಎತ್ತಿಕೊಂಡು ಹತ್ತಲು ಜಾಗ ಸಿಗುತ್ತದಾ ಎಂದು ಕೇಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹೋದ ತಿಂಗಳು ಹೋಗಬೇಕಿದ್ದೂ ಹೋಗಲಾಗದೆ ಬಿಟ್ಟದ್ದು ಎಲ್ಲಿಗೆ? ಆಸ್ಪತ್ರೆಗಾ, ಕೆಲಸಕ್ಕಾ, ತವರಿಗಾ? ಈ ಒಂದು ಪ್ರಶ್ನೆಗೆ ಬರುವ ಉತ್ತರ ಸಾವಿರ ಟಿಕೆಟಿನ ಲೆಕ್ಕಕ್ಕಿಂತ ಹೆಚ್ಚು ಹೇಳುತ್ತದೆ ಎನ್ನುವುದು ನಮ್ಮ ಅನಿಸಿಕೆ.

2016ರಲ್ಲೇ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಗೆ ಸೇರಿದ ಊರಿಗೆ ಇದು ಆಗದ ಕೆಲಸವೇನಲ್ಲ. ಪಾಲಿಕೆಯವರು ಆವರಗೆರೆಯಿಂದಲೇ ಶುರು ಮಾಡಲಿ. ಮನೆ ಮನೆ ಗೊತ್ತಿರುವ ಆಶಾ ಕಾರ್ಯಕರ್ತೆಯರು ಇದ್ದಾರೆ. ಅವರನ್ನು ಹಚ್ಚುವುದಾದರೆ ಅದಕ್ಕೆ ಬೇರೆ ದುಡ್ಡು ಕೊಡಲಿ, ಆಟೋ ಖರ್ಚು ಸೇರಿಸಿ.