ತೆರಿಗೆ ಇಳಿಸಿ ಐರ್ಲೆಂಡ್ ಶ್ರೀಮಂತವಾಯಿತೇ? ಫಾರ್ವರ್ಡ್ ಹೇಳದ ಉಳಿದರ್ಧ

ವಾಟ್ಸಾಪ್‌ನಲ್ಲಿ ಇಂಥದೊಂದು ಸಂದೇಶ ನಿಮಗೂ ಬಂದಿರಬಹುದು: "ಪುಟ್ಟ ದೇಶ ಐರ್ಲೆಂಡ್ ಕಂಪನಿ ತೆರಿಗೆಯನ್ನು ಶೇ. 12.5ಕ್ಕೆ ಇಳಿಸಿತು, ಶ್ರೀಮಂತ ದೇಶಗಳ ಸಾಲಿಗೆ ಸೇರಿತು. ಎಲ್ಲ ದೇಶಗಳೂ ಹೀಗೇ ಮಾಡಲಿ!" ಅಂಕಿ ಸರಿಯಾಗಿಯೇ ಇದೆ. 2003ರಿಂದ ಅಲ್ಲಿ ಇದ್ದದ್ದು ಅದೇ ದರ. ಆದರೆ ಕಥೆಯ ಉಳಿದರ್ಧ ನಡೆದಿರುವುದು ಐರ್ಲೆಂಡ್‌ನ ಹೊರಗೆ. ಅದನ್ನೂ ನೋಡೋಣ.

ಲಾಭ ಹುಟ್ಟುವುದು ಎಲ್ಲಿ, ತೋರಿಸುವುದು ಎಲ್ಲಿ?

ನಮ್ಮೂರಿನ ಕಿರಾಣಿ ಅಂಗಡಿಗೆ ಈ ಪ್ರಶ್ನೆಯೇ ಇಲ್ಲ. ವ್ಯಾಪಾರ ಇಲ್ಲೇ, ಲಾಭ ಇಲ್ಲೇ, ತೆರಿಗೆಯೂ ಇಲ್ಲೇ. ಹತ್ತಾರು ದೇಶಗಳಲ್ಲಿ ಮಾರಾಟ ಮಾಡುವ ಕಂಪನಿಗೆ ಹಾಗಲ್ಲ. ಅದು ತನ್ನ ಬ್ರ್ಯಾಂಡ್, ಪೇಟೆಂಟ್, ಸಾಫ್ಟ್‌ವೇರ್ ಹಕ್ಕುಗಳನ್ನು ಕಡಿಮೆ ತೆರಿಗೆಯ ದೇಶದಲ್ಲಿರುವ ತನ್ನದೇ ಅಂಗಸಂಸ್ಥೆಯ ಹೆಸರಿಗೆ ಬರೆಯಬಹುದು. ಬೇರೆ ದೇಶಗಳಲ್ಲಿರುವ ಅಂಗಸಂಸ್ಥೆಗಳು ಅದಕ್ಕೆ ರಾಯಲ್ಟಿ ಕೊಡುತ್ತವೆ. ರಾಯಲ್ಟಿ ಖರ್ಚಿನ ಲೆಕ್ಕಕ್ಕೆ ಹೋಗುವುದರಿಂದ ಸರಕು ಮಾರಿದ ದೇಶದಲ್ಲಿ ಲಾಭ ಕರಗಿ, ತೆರಿಗೆ ಕಡಿಮೆ ಇರುವಲ್ಲಿ ಉಬ್ಬುತ್ತದೆ. ಹಣ ಹೋದದ್ದು ಒಂದೇ ಅಂಗಿಯ ಎಡಜೇಬಿನಿಂದ ಬಲಜೇಬಿಗೆ, ಅಷ್ಟೇ.

ಯಾವ ದೇಶಕ್ಕೂ ಸೇರದ ಕಂಪನಿ

ಆಪಲ್‌ನ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಯುರೋಪ್, ಮಧ್ಯಪ್ರಾಚ್ಯ, ಆಫ್ರಿಕಾ ಮತ್ತು ಭಾರತದ ಮಾರಾಟವನ್ನು ನೋಡಿಕೊಳ್ಳುತ್ತಿದ್ದುದು ಐರ್ಲೆಂಡ್‌ನಲ್ಲಿ ನೋಂದಣಿಯಾಗಿದ್ದ ಅದರ ಒಂದು ಅಂಗಸಂಸ್ಥೆ. ಅದರ ಆಡಳಿತ ಮಾತ್ರ ಅಮೆರಿಕದಿಂದ ನಡೆಯುತ್ತಿತ್ತು. ಅಂದಿನ ಐರಿಷ್ ನಿಯಮದಡಿ, ಹೊರಗಿನಿಂದ ಆಡಳಿತ ನಡೆಯುವ ಇಂಥ ಕಂಪನಿ ಐರ್ಲೆಂಡ್‌ನದಲ್ಲ. ಅಮೆರಿಕದ ನಿಯಮದಡಿ, ಹೊರಗೆ ನೋಂದಣಿಯಾದ ಕಂಪನಿ ಅಮೆರಿಕದ್ದಲ್ಲ. ಎರಡು ದೇಶಗಳ ಕಾನೂನಿನ ನಡುವಿನ ಸಂದಿಯಲ್ಲಿ ಕಂಪನಿ ಎಲ್ಲಿಗೂ ಸೇರದೆ ಉಳಿಯಿತು. 2013ರಲ್ಲಿ ಅಮೆರಿಕದ ಸೆನೆಟ್ ವಿಚಾರಣೆಯಲ್ಲಿ ಇದು ಬಯಲಾಯಿತು.

2014ರಲ್ಲಿ ಆ ಅಂಗಸಂಸ್ಥೆಯ ಲಾಭದ ಮೇಲೆ ಬಿದ್ದ ತೆರಿಗೆ ಶೇ. 0.005 ಎಂದು ಯುರೋಪಿಯನ್ ಕಮಿಷನ್ 2016ರಲ್ಲಿ ಲೆಕ್ಕ ಹಾಕಿತು. ಅಂದರೆ ಹತ್ತು ಲಕ್ಷ ಯೂರೋ ಲಾಭಕ್ಕೆ ಬರೀ 50 ಯೂರೋ! 1,300 ಕೋಟಿ ಯೂರೋವರೆಗೆ ಬಾಕಿ ವಸೂಲಿ ಮಾಡಿ ಎಂದು ಐರ್ಲೆಂಡ್‌ಗೆ ಆದೇಶವಾಯಿತು. ತಾನು ಕಾನೂನು ಮೀರಿಲ್ಲ ಎಂದು ಆಪಲ್ ವಾದಿಸಿತು. ವಿಚಿತ್ರವೆಂದರೆ, ಹಣ ಬರಬೇಕಿದ್ದ ಐರ್ಲೆಂಡ್ ಕೂಡ "ನಮಗೆ ಬೇಡ" ಎಂದು ಕೋರ್ಟಿಗೆ ಹೋಯಿತು. ಬೇರೆ ಕಂಪನಿಗಳೂ ಕಾಲ್ಕೀಳಬಹುದೆಂಬ ಅಂಜಿಕೆ ಅದಕ್ಕೆ ಇದ್ದೇ ಇತ್ತು. ಕೊನೆಗೆ 2024ರ ಸೆಪ್ಟೆಂಬರ್ 10ರಂದು ಯುರೋಪಿನ ಅತ್ಯುನ್ನತ ನ್ಯಾಯಾಲಯ ಕಮಿಷನ್ನಿನ ಆದೇಶವನ್ನು ಎತ್ತಿಹಿಡಿಯಿತು.

ಹಾಗಾದರೆ ಆ ಶ್ರೀಮಂತಿಕೆ?

ಐರ್ಲೆಂಡ್‌ಗೆ ಉದ್ಯೋಗ ಮತ್ತು ಆದಾಯ ಬಂದದ್ದು ನಿಜ. ಆದರೆ 2015ರಲ್ಲಿ ಅದರ ಜಿಡಿಪಿ ಒಂದೇ ವರ್ಷದಲ್ಲಿ ಶೇ. 26ರಷ್ಟು ಜಿಗಿಯಿತು ಎಂಬ ಅಂಕಿ ಬಂದಾಗ ಅರ್ಥಶಾಸ್ತ್ರಜ್ಞರು ನಕ್ಕರು. ಹೊಲ, ಕಾರ್ಖಾನೆಗಳು ಹಾಗೆ ಬೆಳೆದಿರಲಿಲ್ಲ. ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಹಕ್ಕುಪತ್ರಗಳನ್ನು ಅಲ್ಲಿಗೆ ವರ್ಗಾಯಿಸಿದ್ದವು. ಜನರ ನಿಜವಾದ ಆದಾಯ ಅಳೆಯಲು ಆ ದೇಶದ ಅಂಕಿಅಂಶ ಇಲಾಖೆಯೇ ಬೇರೊಂದು ಅಳತೆಗೋಲು ರೂಪಿಸಬೇಕಾಯಿತು.

ಇನ್ನು ಎಲ್ಲರೂ ಹೀಗೇ ಮಾಡಿದರೆ? ಒಬ್ಬರು ಇಳಿಸಿದರೆ ಇನ್ನೊಬ್ಬರಿಗೂ ಇಳಿಸುವ ಒತ್ತಡ. ಅಮೆರಿಕ 2017ರ ಕಾನೂನಿನಲ್ಲಿ ದರವನ್ನು ಶೇ. 35ರಿಂದ 21ಕ್ಕೆ ತಂದಿತು. ಭಾರತ 2019ರ ಸೆಪ್ಟೆಂಬರ್‌ನಲ್ಲಿ, ರಿಯಾಯಿತಿಗಳನ್ನು ಬಿಟ್ಟುಕೊಡುವ ಕಂಪನಿಗಳಿಗೆ ಶೇ. 22ರ ದರ ಘೋಷಿಸಿತು. ಎಲ್ಲರೂ ಇಳಿಸಿದ ಮೇಲೆ ಯಾರಿಗೂ ವಿಶೇಷ ಲಾಭ ಉಳಿಯುವುದಿಲ್ಲ. ಖಜಾನೆಯ ಕೊರತೆ ಮಾತ್ರ ಉಳಿಯುತ್ತದೆ. ಅದನ್ನು ತುಂಬಲು ಸಂಬಳದ ತೆರಿಗೆ, ಸರಕಿನ ತೆರಿಗೆ ಏರಬೇಕು, ಇಲ್ಲವೇ ಶಾಲೆ, ಆಸ್ಪತ್ರೆಗಳ ಖರ್ಚು ಕಡಿತವಾಗಬೇಕು. ಕಂಪನಿ ತೆರಿಗೆಯನ್ನೇ ಹೆಚ್ಚು ನೆಚ್ಚಿಕೊಂಡ ಬಡ ದೇಶಗಳಿಗೆ ಪೆಟ್ಟು ಇನ್ನೂ ಜೋರು.

ಈ ಓಟಕ್ಕೆ ತಡೆಗೋಡೆ ಹಾಕಲೆಂದೇ 2021ರ ಅಕ್ಟೋಬರ್‌ನಲ್ಲಿ ಭಾರತವೂ ಸೇರಿ 130ಕ್ಕೂ ಹೆಚ್ಚು ದೇಶ-ಪ್ರಾಂತ್ಯಗಳು ದೊಡ್ಡ ಕಂಪನಿಗಳಿಗೆ ಕನಿಷ್ಠ ಶೇ. 15 ತೆರಿಗೆ ಎಂಬ ಸೂತ್ರ ಒಪ್ಪಿದವು. ಒಂದು ದೇಶ ಕಡಿಮೆ ಹಾಕಿದರೆ ಉಳಿದದ್ದನ್ನು ಇನ್ನೊಂದು ದೇಶ ವಸೂಲಿ ಮಾಡಬಹುದು. 2024ರಿಂದ ಐರ್ಲೆಂಡ್ ಕೂಡ ಇಂಥ ದೊಡ್ಡ ಕಂಪನಿಗಳಿಗೆ ಈ ಕನಿಷ್ಠ ತೆರಿಗೆ ಜಾರಿಗೆ ತಂದಿದೆ. ಆದರೆ ಈ ಒಪ್ಪಂದಕ್ಕೆ ತನ್ನ ದೇಶದಲ್ಲಿ ಬೆಲೆಯಿಲ್ಲ ಎಂದು 2025ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಘೋಷಿಸಿದರು. ಹಗ್ಗಜಗ್ಗಾಟ ಮುಗಿದಿಲ್ಲ.

ನಮ್ಮ ತೀರ್ಮಾನ: ಸಂದೇಶ ಅರ್ಧ ಸತ್ಯ. ಒಂದು ದೇಶದ ತೆರಿಗೆ ನಿಯಮ ಆ ದೇಶದ ಗಡಿಯಲ್ಲೇ ನಿಲ್ಲುವುದಿಲ್ಲ. ಐರ್ಲೆಂಡ್‌ನ ಗಳಿಕೆಯ ಒಂದು ಪಾಲು ಬೇರೆ ದೇಶಗಳ ಖಜಾನೆಗೆ ಸೇರಬೇಕಿದ್ದ ಹಣ. ಮುಂದಿನ ಸಲ ಈ ಫಾರ್ವರ್ಡ್ ಬಂದರೆ, ಹಂಚುವ ಮೊದಲು ಇಷ್ಟು ಕೇಳಿ ನೋಡಿ: ಈ ಲಾಭ ನಿಜವಾಗಿ ಹುಟ್ಟಿದ್ದು ಎಲ್ಲಿ?